ಬಾಣದ ಗುರುತಿಲ್ಲದ ಚಿತ್ರ

ನಿನ್ನೆ ಹಾಸನದಲ್ಲಿ ತರಬೇತಿ ಮುಗಿಸಿ ನಾವು ನಾಲ್ಕು ಜನ ವಿಜ್ಞಾನದ ಮೇಷ್ಟ್ರುಗಳು ಬಸ್ ಸ್ಟ್ಯಾಂಡ್ ಹತ್ತಿರ ಕಾಫಿ ಕುಡಿಯುತ್ತಿದ್ದೆವು. ಮಾತು ಸೀದಾ ಫೇಲಾಗುವ ಮಕ್ಕಳ ಕಡೆ ಹೋಯಿತು.

ಅರಕಲಗೂಡು ಕಡೆಯ ಮೇಡಂ ಬ್ಯಾಗಿನಿಂದ ಒಂದು ಉತ್ತರ ಪತ್ರಿಕೆ ತೆಗೆದರು. ಪೀನ ಮಸೂರದ, ಅಂದರೆ ನಡುವೆ ಉಬ್ಬಿದ ಗಾಜಿನ, ಚಿತ್ರ. ವಸ್ತು ಸಂಗಮದೂರದ (ಮಸೂರದಿಂದ ಸಮಾಂತರ ಕಿರಣಗಳು ಕೂಡುವ ಬಿಂದುವಿನವರೆಗಿನ ದೂರ) ಎರಡರಷ್ಟು ದೂರದಲ್ಲಿದೆ, ಪ್ರತಿಬಿಂಬ ಅಷ್ಟೇ ಎತ್ತರ, ತಲೆಕೆಳಗು, ಎಲ್ಲಾ ಸರಿ, ಆದರೆ ಕಿರಣಗಳಿಗೆ ಬಾಣದ ಗುರುತೇ ಇಲ್ಲ. ‘ಎಷ್ಟು ಕೊಡಲಿ ಸರ್?’ ಅಂದರು. ಅರ್ಧ ಅಂಕ ಕಳೆಯಿರಿ, ಆದರೆ ಹುಡುಗನನ್ನು ಕರೆದು ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಕೇಳಿ ಅಂದೆ. ಸುಮ್ನೆ ಕೆಂಪು ಗೆರೆ ಎಳೆದರೆ ಅವನಿಗೆ ಏನು ಗೊತ್ತಾಗುತ್ತೆ?

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಬರವಣಿಗೆಗೆ 80 ಅಂಕ, ಶಾಲೆಯಲ್ಲೇ ಕೊಡುವ ಆಂತರಿಕಕ್ಕೆ 20. ಆ 20 ಎಲ್ಲರಿಗೂ ಧಾರಾಳವಾಗಿ ಕೊಟ್ಟುಬಿಟ್ಟರೆ ಮಗು ಎಲ್ಲಿ ಎಡವುತ್ತಿದೆ ಅಂತ ಮನೆಯವರಿಗೂ ತಿಳಿಯಲ್ಲ, ಅಲ್ವಾ? ನನ್ನ ತರಗತಿಯಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸಲು ಬಾರದವರಿಗೆ ನಿಜವಾಗಿ ಬಾರದ್ದು ವೇಲೆನ್ಸಿ, ಅಂದರೆ ಒಂದು ಪರಮಾಣು ಬೇರೆಯವುಗಳ ಜೊತೆ ಎಷ್ಟು ಬಂಧ ಕಟ್ಟುತ್ತದೆ ಅನ್ನೋ ಲೆಕ್ಕ. ಅದನ್ನೇ ಮತ್ತೆ ಮೊದಲಿಂದ ಹೇಳಿಕೊಡಬೇಕು, ಪಾಠ ಹಿಂದೆ ಬಿದ್ದರೂ ಪರವಾಗಿಲ್ಲ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಫೇಲಾದವರನ್ನು ಬೇಸಿಗೆ ರಜೆಯಲ್ಲೂ ಕರೆಸೋಣ ಅಂತ ಮೇಡಂಗೆ ಹೇಳಿದೆ. ಅವರು ಆಗಲೇ ಹೆಸರು ಬರೆಯಲು ಶುರು ಮಾಡಿದ್ದರು.