ಬಾಂದಾದಲ್ಲಿ ಒಂದು ತುಂಡು ಜಾಗ ತಗೋಬಹುದಾ?

ಮದುವೆ ಮನೆಯಲ್ಲಿ, ತೋಟದ ಕಟ್ಟೆಯ ಮೇಲೆ, ಬೆಂಗಳೂರಿನ ಗೆಳೆಯರ ಜೊತೆ ಚಹಾ ಕುಡಿಯುವಾಗ, ಎಲ್ಲ ಕಡೆ ಒಂದೇ ಪ್ರಶ್ನೆ. ನಾನು ಇಂಡೊನೇಷ್ಯಾದ ಬಾಂದಾ ದ್ವೀಪಗಳಲ್ಲಿ ಒಂದಾದ ಬಾಂದಾ ನೈರಾದ ಫೋಟೊ ತೋರಿಸುತ್ತೇನೆ. ತಿಳಿನೀರಿನ ಕಡಲು, ಅದರಾಚೆ ಗುನುಂಗ್ ಆಪಿ ಅನ್ನುವ ಬೆಂಕಿಬೆಟ್ಟ, ಈಚೆ ಜಾಯಿಕಾಯಿ ಒಣಗಿಸಿಟ್ಟ ಅಂಗಳ. ನೋಡಿದವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಕೇಳುತ್ತಾರೆ: "ಅಲ್ಲಿ ಒಂದು ತುಂಡು ಜಾಗ ತಗೋಬಹುದಾ?"

ಆಗುವುದಿಲ್ಲ. ಹೋಗಿ, ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಇರಿ, ಮತ್ತೆ ಹೋಗಿ. ಜಾಗದ ಆಸೆ ಮಾತ್ರ ಬಿಟ್ಟುಬಿಡಿ. ಯಾಕೆ ಅಂತ ಹೇಳಲು ಸ್ವಲ್ಪ ಸಮಯ ಬೇಕು.

ಇಂಡೊನೇಷ್ಯಾದ 1960ರ ಭೂ ಕಾನೂನಿನಲ್ಲಿ ಪೂರ್ತಿ ಒಡೆತನಕ್ಕೆ 'ಹಕ್ ಮಿಲಿಕ್' ಅನ್ನುತ್ತಾರೆ. ನಮ್ಮ ಹಕ್ಕು, ನಮ್ಮ ಮಿಲ್ಕತ್ತು ಬಂದ ಅರಬ್ಬಿ ಬೇರಿನಿಂದಲೇ ಈ ಪದಗಳೂ ಬಂದಿವೆ. ಈ ಹಕ್ಕು ಅಲ್ಲಿನ ನಾಗರಿಕರಿಗೆ ಮಾತ್ರ. ಹೊರಗಿನವರಿಗೆ ಸಿಗುವುದು 'ಹಕ್ ಪಾಕಾಯ್', ಅಂದರೆ ಬಳಸುವ ಹಕ್ಕು. ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಅದಕ್ಕೂ ಅಲ್ಲಿನ ವಲಸೆ ಕಾನೂನು ಕೇಳುವ ದಾಖಲೆಗಳು ಇರಬೇಕು. ಕಂಪನಿ ಮಾಡಿಕೊಂಡು ಹೋಗುತ್ತೇವೆ ಅಂದರೆ ವಿದೇಶಿ ಕಂಪನಿಯ ಹೂಡಿಕೆ ಸಾಮಾನ್ಯವಾಗಿ 1000 ಕೋಟಿ ರುಪಿಯಾ ದಾಟಬೇಕು. ನಮ್ಮ ಲೆಕ್ಕದಲ್ಲಿ ಅದು 5 ಕೋಟಿ ರೂಪಾಯಿಗೂ ಜಾಸ್ತಿ. ಇತ್ತ ರಿಸರ್ವ್ ಬ್ಯಾಂಕ್ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳಿಸಲು ಬಿಡುವುದು 2.5 ಲಕ್ಷ ಡಾಲರ್. ಲೆಕ್ಕ ಅಲ್ಲೇ ಮುಗಿಯಿತು ಅಲ್ವಾ.

"ಊರಿನವರೊಬ್ಬರ ಹೆಸರಲ್ಲಿ ಬರೆಸಿದರಾಯ್ತು" ಅನ್ನುವವರು ಯಾವಾಗಲೂ ಒಬ್ಬರಾದರೂ ಇರುತ್ತಾರೆ. ದಯವಿಟ್ಟು ಬೇಡ. ಆ ಕಾನೂನಿನ 26ನೇ ಕಲಮು ಇಂಥ ಬೇನಾಮಿ ವ್ಯವಹಾರಕ್ಕಾಗಿಯೇ ಇದ್ದಂತಿದೆ. ನೇರವಾಗಿ ಇರಲಿ, ಸುತ್ತು ಬಳಸಿ ಇರಲಿ, ಭೂಮಿ ವಿದೇಶಿಯ ಕೈಗೆ ಹೋದರೆ ಆ ವ್ಯವಹಾರ ರದ್ದು. ಭೂಮಿ ಸರ್ಕಾರಕ್ಕೆ ಸೇರುತ್ತದೆ. ಕೊಟ್ಟ ದುಡ್ಡನ್ನು ವಾಪಸ್ ಕೇಳುವಂತಿಲ್ಲ. ಬೇರೆ ದ್ವೀಪವೊಂದರಲ್ಲಿ ಹೀಗೆ ದುಡ್ಡು ಹಾಕಿ ಕಳೆದುಕೊಂಡವರನ್ನು ನಾನು ಬಲ್ಲೆ. ಅವರಿಗೆ ದೂರು ಕೊಡಲೂ ದಾರಿ ಇರಲಿಲ್ಲ.

ಎಷ್ಟು ಕಟ್ಟುನಿಟ್ಟು ಅಂತ ಅನ್ನಿಸಬಹುದು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದಕ್ಕೆ ನಮ್ಮ ರಾಜ್ಯದಲ್ಲೂ 2020ರ ತನಕ ತಡೆ ಇತ್ತು. ಬಾಂದಾದಲ್ಲಿ ನಿಂತು ನೋಡಿದರೆ ಅವರ ಕಾನೂನು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನೈರಾದಲ್ಲಿ ಪಾರಿಗಿ ರಾಂತೆ ಅನ್ನುವ ಒಂದು ಹಳೆಯ ಬಾವಿ ಇದೆ. ಪಕ್ಕದ ಕಲ್ಲಿನ ಮೇಲೆ ಹೆಸರುಗಳ ಸಾಲು. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸೋನ್ ಕೂನ್ ಸೈನ್ಯ ತಂದು ಈ ದ್ವೀಪಗಳನ್ನು ಹಿಡಿದ. ಊರಿನ ಹಿರಿಯರ ತಲೆ ಕಡಿಸಿದ. ಆ ಕಲ್ಲು ಅವರ ನೆನಪಿನದ್ದು. ಸುಮಾರು 15 ಸಾವಿರ ಇದ್ದ ಜನರಲ್ಲಿ ಉಳಿದವರು ಬಹಳ ಕಡಿಮೆ. ಆಮೇಲೆ ಜಾಯಿಕಾಯಿ ತೋಟಗಳನ್ನು 68 ಪಾಲು ಮಾಡಿ ಹೊರಗಿನಿಂದ ಬಂದ ಯಜಮಾನರಿಗೆ ಹಂಚಿದರು. ದುಡಿಯಲು ಗುಲಾಮರನ್ನು ತಂದರು. ಜಗತ್ತಿಗೆಲ್ಲ ಜಾಯಿಕಾಯಿ, ಜಾಪತ್ರೆ ಹೋಗುತ್ತಿದ್ದುದು ಈ ಪುಟ್ಟ ದ್ವೀಪಗಳಿಂದ. ಅದೇ ಅವರಿಗೆ ಮುಳುವಾಯಿತು.

ತಪ್ಪಿಸಿಕೊಂಡವರಲ್ಲಿ ಕೆಲವರು ದೋಣಿ ಹತ್ತಿ ಪೂರ್ವದ ಕೆಯ್ ದ್ವೀಪಗಳಿಗೆ ಹೋದರು. ಅಲ್ಲಿನ ಬಾಂದಾ ಎಲಿ, ಬಾಂದಾ ಎಲಾತ್ ಹಳ್ಳಿಗಳಲ್ಲಿ ಇವತ್ತಿಗೂ ಹಳೆಯ ಬಾಂದಾ ಭಾಷೆ ಬದುಕಿದೆ. ಬಾಂದಾದಲ್ಲೇ ಅದು ಇಲ್ಲ. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನೆಲ ಕಳೆದುಕೊಂಡವರು ಮಾತನ್ನು ಉಳಿಸಿಕೊಂಡಿದ್ದಾರೆ. ಇಂಥ ಊರಿನಲ್ಲಿ "ಸೆಂಟಿಗೆ ಎಷ್ಟು?" ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಹೋಗುವ ದಾರಿ. ಮೊದಲು ಆ ಕಡೆಯ ದೊಡ್ಡ ಊರಾದ ಅಂಬೋನ್ ತಲುಪಬೇಕು. ಅಲ್ಲಿಂದ ಬಾಂದಾಕ್ಕೆ ಸುಮಾರು 200 ಕಿಲೋಮೀಟರ್ ಕಡಲು. ದೊಡ್ಡ ಹಡಗಿನಲ್ಲಿ ಒಂದು ರಾತ್ರಿ, ಕಡಲು ಒಪ್ಪಿದರೆ ವೇಗದ ದೋಣಿಯಲ್ಲಿ ಅರ್ಧ ದಿನ. ಸಣ್ಣ ವಿಮಾನವೂ ಉಂಟು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ವದ ಗಾಳಿ, ಡಿಸೆಂಬರ್ ನಂತರ ಪಶ್ಚಿಮದ ಗಾಳಿ. ನಡುವೆ ಗಾಳಿ ತಿರುಗುವ ಹೊತ್ತು, ಅಂದರೆ ಅಕ್ಟೋಬರ್, ನವೆಂಬರ್ ಮತ್ತು ಏಪ್ರಿಲ್ ಆಸುಪಾಸು, ಕಡಲು ಶಾಂತವಾಗಿರುತ್ತದೆ. ಒಮ್ಮೆ ಅಲೆ ಎದ್ದು ನಾಲ್ಕು ದಿನ ದೋಣಿ ಹೊರಡಲಿಲ್ಲ. ನನ್ನ ವಾಪಸ್ ಟಿಕೆಟ್ ಹಾಳಾಯಿತು. ಹಾಗಾಗಿ ಕೈಯಲ್ಲಿ ಒಂದು ವಾರ ಹೆಚ್ಚಿಗೆ ಇಟ್ಟುಕೊಂಡೇ ಹೋಗಿ. ನಗದು ಸಾಕಷ್ಟು ಇರಲಿ. ದಿನಾ ತಗೊಳ್ಳುವ ಔಷಧಿ ಇಲ್ಲಿಂದಲೇ ಒಯ್ಯಿರಿ, ದೊಡ್ಡ ಕಾಯಿಲೆ ಬಂದರೆ ಅಂಬೋನ್‌ಗೇ ಹೋಗಬೇಕು. ಭಾರತೀಯರಿಗೆ ಇಳಿದಾಗ ಸಿಗುವ ವೀಸಾ 30 ದಿನದ್ದು, ಒಮ್ಮೆ ಇನ್ನೂ 30 ದಿನ ವಿಸ್ತರಿಸಬಹುದು.

ಅಲ್ಲಿ ಬದುಕು ಹೇಗೆ ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ತೋಟ. ಜಾಯಿಕಾಯಿಯನ್ನು ಅವರು ಪಾಲಾ ಅನ್ನುತ್ತಾರೆ. ಆಕಾಶ ಮುಚ್ಚುವ ಹಾಗೆ ಬೆಳೆದ ಕೆನಾರಿ ಮರಗಳ ನೆರಳಲ್ಲಿ ಪಾಲಾ ಮರಗಳು ನಿಂತಿವೆ. ಗಾಯ್ ಗಾಯ್ ಅಂತ ಬಿದಿರಿನ ಉದ್ದ ಗಳ, ತುದಿಗೊಂದು ಬುಟ್ಟಿ. ಒಡೆದ ಹಣ್ಣನ್ನೇ ಹುಡುಕಿ ಇಳಿಸುತ್ತಾರೆ. ಅಜ್ಜರೊಬ್ಬರು ಇಡೀ ಬೆಳಿಗ್ಗೆ ಕತ್ತು ಮೇಲೆತ್ತಿಕೊಂಡೇ ಇದ್ದರು. ಒಂದು ಎಳೆಯ ಕಾಯಿಯೂ ಬೀಳಲಿಲ್ಲ. ಆ ಕಡೆಯ ಮಲುಕು ದ್ವೀಪಗಳಲ್ಲಿ ಸಾಸಿ ಅನ್ನುವ ಕಟ್ಟಳೆ ಇದೆ. ಸಾಸಿ ಹಾಕಿದ ಮೇಲೆ, ಅದನ್ನು ತೆಗೆಯುವ ತನಕ, ತನ್ನದೇ ಮರವಾದರೂ ಕಾಯಿ ಮುಟ್ಟುವಂತಿಲ್ಲ. ಕಡಲಿನ ಮೀನು, ಚಿಪ್ಪಿಗೂ ಹೀಗೇ. ಒಡೆತನ ಅಂದರೆ ಬರೀ ಕಾಗದ ಅಂದುಕೊಂಡಿದ್ದ ನನಗೆ ಇದು ಹೊಸದು.

ಹಾಗಾದರೆ ದುಡ್ಡು ಹಾಕುವುದೇ ಬೇಡವೇ? ಬೇಕು, ಅಲ್ಲಿನವರ ಕೈಗೇ ಹೋಗುವ ಹಾಗೆ ಹಾಕಿ. ಮನೆಯವರೇ ನಡೆಸುವ ತಂಗುದಾಣದಲ್ಲಿ ವಾರಗಟ್ಟಲೆ ಇರಿ. ದೋಣಿಯವರ ಜೊತೆ ಚೌಕಾಸಿ ಮಾಡಬೇಡಿ. ಜಾಪತ್ರೆಯನ್ನು ತೋಟದವರ ಹತ್ತಿರವೇ ಕೊಳ್ಳಿ. 1936ರಿಂದ 1942ರ ತನಕ ಇಂಡೊನೇಷ್ಯಾದ ಸ್ವಾತಂತ್ರ್ಯ ಹೋರಾಟಗಾರರಾದ ಹತ್ತಾ ಮತ್ತು ಶಹರೀರ್ ಇಬ್ಬರನ್ನೂ ಡಚ್ಚರು ಇಲ್ಲಿ ಗಡಿಪಾರು ಮಾಡಿ ಇಟ್ಟಿದ್ದರು. ಮುಂದೆ ಒಬ್ಬರು ಉಪರಾಷ್ಟ್ರಪತಿ, ಇನ್ನೊಬ್ಬರು ಪ್ರಧಾನಿ. ಹತ್ತಾ ಪೆಟ್ಟಿಗೆಗಟ್ಟಲೆ ಪುಸ್ತಕ ತಂದಿದ್ದರು. ಇಬ್ಬರೂ ಊರಿನ ಮಕ್ಕಳಿಗೆ ಪಾಠ ಹೇಳಿದರು. ಆ ಮಕ್ಕಳಲ್ಲಿ ಒಬ್ಬರಾದ ದೇಸ್ ಅಲ್ವಿ ದೊಡ್ಡವರಾದ ಮೇಲೆ ವಾಪಸ್ ಬಂದು ಊರಿಗೆ ಪ್ರವಾಸಿಗರನ್ನು ಕರೆತರಲು ದುಡಿದರು. ಬಾಂದಾದಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ಹೂಡಿಕೆ ಹತ್ತಾ ಅವರ ಮನೆಯಲ್ಲಿರುವ, ಆ ಪಾಠದ ಹಳೆಯ ಬೆಂಚುಗಳು.

ನಾನು ಉಳಿಯುವ ಮನೆಯ ಯಜಮಾನ್ತಿ ಒಮ್ಮೆ ಕೇಳಿದರು, "ನಿಮ್ಮೂರಲ್ಲಿ ಪಾಲಾ ಇದೆಯಾ?" ಇದೆ ಅಂದೆ. ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಏಳು ಮರಗಳಿವೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಇಂಗ್ಲಿಷರು ಈ ದ್ವೀಪಗಳನ್ನು ಹಿಡಿದಾಗ ಸಸಿಗಳನ್ನು ಹೊರದೇಶಗಳಿಗೆ ಒಯ್ದರು. ಹಾಗೆ ಪಾಲಾ ಹಲವು ದೇಶಗಳಿಗೆ ಹರಡಿತು ಅಂತ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಣ್ಣಿನ ಸಿಪ್ಪೆ ಏನು ಮಾಡುತ್ತೀರಿ?" ಅಂದರು. ಅವರು ಅದನ್ನು ಸಕ್ಕರೆ ಪಾಕದಲ್ಲಿ ಹಾಕಿಡುತ್ತಾರೆ, ಮೀನಿನ ಸಾರಿಗೂ ಹಾಕುತ್ತಾರೆ. ನಾನು ಅಮ್ಮನ ತಂಬುಳಿ ಹೇಳಿಕೊಟ್ಟೆ. ಮಜ್ಜಿಗೆ ಸಿಗಲಿಲ್ಲ. ತೆಂಗಿನಹಾಲು, ಲಿಂಬೆರಸ ಹಾಕಿ ಮಾಡಿದೆವು. ಈ ಅಕ್ಟೋಬರ್‌ಗೆ ಹೋಗುವಾಗ ಅಮ್ಮ ಹಾಕಿದ ಜಾಯಿಕಾಯಿ ಸಿಪ್ಪೆಯ ಉಪ್ಪಿನಕಾಯಿ ಒಯ್ಯುತ್ತಿದ್ದೇನೆ.