ಅಳತೆ ತೆಗೆಯುವುದಕ್ಕೆ ಇಂಜಿನಿಯರಿಂಗ್ ಓದಬೇಕೇ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾಲ್ಕು ತಿಂಗಳು ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಗುಣಮಟ್ಟ ವಿಭಾಗದಲ್ಲಿದ್ದೆ ಎಂದರೆ ಸಾಕು, "ಅಂದರೆ ಬರೀ ಅಳತೆ ತೆಗೆಯುವುದು ತಾನೇ?" ಎನ್ನುತ್ತಾರೆ. ಮೊದಮೊದಲು ನಗುನಗುತ್ತಾ ವಿವರಿಸುತ್ತಿದ್ದೆ. ಈಗ ಸಾಕಾಗಿದೆ. "ಬರೀ" ಎಂಬುದನ್ನು ಬಿಟ್ಟು ಕೇಳುವವರಿಗೆ ಬಾಯಲ್ಲೇ ಉತ್ತರ ಕೊಡುತ್ತೇನೆ, ಉಳಿದವರು ಇದನ್ನು ಓದಿಕೊಳ್ಳಲಿ.

ಕಳೆದ ತಿಂಗಳು ಅತ್ತೆಯ ಮನೆಯ ಗೃಹಪ್ರವೇಶದಲ್ಲಿ ದೊಡ್ಡಪ್ಪ ಇಡೀ ಪಂಕ್ತಿಗೆ ಕೇಳುವಂತೆ, "ಟೇಪು ಹಿಡಿಯುವುದನ್ನು ನಮ್ಮ ದರ್ಜಿಯೂ ಮಾಡುತ್ತಾನಲ್ಲಮ್ಮ, ಅದಕ್ಕೆ ನಾಲ್ಕು ವರ್ಷ ಓದಬೇಕೇ?" ಎಂದರು. ಪಂಕ್ತಿ ನಕ್ಕಿತು. "ನಿಮ್ಮ ತಲೆಗೂದಲಿನ ಒಂದೆಳೆ ಕೊಡಿ ದೊಡ್ಡಪ್ಪ" ಎಂದೆ. ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಾನು ನೋಡಿಕೊಳ್ಳುತ್ತಿದ್ದ ಶಾಫ್ಟಿನ (ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡದ) ವ್ಯಾಸ 80 ಮಿಲಿಮೀಟರ್; ಡ್ರಾಯಿಂಗ್‌ನಲ್ಲಿ ಅದಕ್ಕೆ ಕೊಟ್ಟ ಟಾಲರೆನ್ಸ್, ಅಂದರೆ ಅಳತೆ ಆಚೀಚೆಯಾಗಲು ಬಿಟ್ಟ ಒಟ್ಟು ಅವಕಾಶ, 19 ಮೈಕ್ರಾನ್, ಹೆಚ್ಚುಕಡಿಮೆ ಆ ಎಳೆಯ ಕಾಲುಭಾಗ. "ಇರುವುದೇ ನಾಲ್ಕೆಳೆ, ಅದನ್ನೂ ಕೇಳುತ್ತೀಯಾ" ಎಂದು ಅವರು ನೆತ್ತಿ ಸವರಿಕೊಂಡರು. ಪಂಕ್ತಿ ಇನ್ನೊಮ್ಮೆ ನಕ್ಕಿತು, ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು.

ನನಗೆ ಹೇಳಬೇಕಿದ್ದುದು ಕೂದಲಿನ ವಿಚಾರವೇ ಅಲ್ಲ. ಅಳತೆ ತಪ್ಪಿದಾಗ ಯಾರ ಹೆಸರು ಕೆಡುತ್ತದೆ ಎಂದು ಒಬ್ಬರಾದರೂ ಕೇಳಬಾರದೇ?

ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಆಗಿ, ಅಂದರೆ ಸಾಣೆಯಲ್ಲಿ ಸವೆಸಿಕೊಂಡು, ಬಂದ ಶಾಫ್ಟ್‌ಗಳು ಮಧ್ಯಾಹ್ನದ ಪಾಳಿಯಲ್ಲಿ ಮೇಲಿಂದ ಮೇಲೆ ರಿಜೆಕ್ಟ್ ಆಗುತ್ತಿದ್ದವು. ಎಲ್ಲವೂ ವ್ಯಾಸ ಕಡಿಮೆಯಾದವು. ದಪ್ಪ ಉಳಿದಿದ್ದರೆ ಮತ್ತೊಮ್ಮೆ ಸವೆಸಬಹುದು. ಸಣ್ಣಗಾದದ್ದು ನೇರ ಗುಜರಿಗೆ. ಪಟ್ಟಿಯಲ್ಲಿ ಆಪರೇಟರ್ ಸಂಖ್ಯೆಯ ಪಕ್ಕ, ಕಾರಣ ಬರೆಯುವ ಜಾಗದಲ್ಲಿ, "ಅಜಾಗರೂಕತೆ" ಎಂದಿರುತ್ತಿತ್ತು. ವಾರಗಟ್ಟಲೆ ಅದೇ ಸಂಖ್ಯೆ, ಅದೇ ಪದ. ನನ್ನ ತಂದೆಯ ವಯಸ್ಸಿನ ಮನುಷ್ಯ. ಪ್ರತಿ ಜಾಬನ್ನೂ (ಕೈಯಲ್ಲಿರುವ ಶಾಫ್ಟಿಗೆ ಅಲ್ಲಿ ಹಾಗೆನ್ನುತ್ತಾರೆ) ವ್ಯಾಸ ತೋರಿಸುವ ಗೇಜಿಗೆ ಹಿಡಿದು, ಮುಳ್ಳು ಸರಿಯಾದ ಜಾಗದಲ್ಲಿ ನಿಂತ ಮೇಲೇ ಕೆಳಗಿಡುತ್ತಿದ್ದರು. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಹೀಗೇಕಾಗುತ್ತದೆ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಮಧ್ಯಾಹ್ನದ ಜಾಬ್ ಕೈಗೆ ಬೆಚ್ಚಗೆ ತಾಗುತ್ತದೆ ಮೇಡಂ. ಬೆಳಗಿನದು ಹಾಗಲ್ಲ."

ಬೆಳಗಿನಿಂದ ಓಡಿದ ಯಂತ್ರದಲ್ಲಿ ಕೂಲಂಟ್, ಅಂದರೆ ಸವೆಸುವಾಗ ಜಾಬಿನ ಮೇಲೆ ಹರಿಯುವ ದ್ರವ, ಬಿಸಿಯಾಗಿರುತ್ತಿತ್ತು. ಗೇಜನ್ನು ಸೊನ್ನೆಗೆ ಹೊಂದಿಸುವ ಮಾಸ್ಟರ್ (ವ್ಯಾಸ ನಿಖರವಾಗಿ ಗೊತ್ತಿರುವ ಮಾದರಿ ತುಂಡು) ಮಾತ್ರ ತಪಾಸಣಾ ಕೊಠಡಿಯ ಎ.ಸಿ. ತಂಪಿನಲ್ಲಿ, ಮರದ ಪೆಟ್ಟಿಗೆಯೊಳಗೆ ಮಲಗಿರುತ್ತಿತ್ತು. ಅಳತೆಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೇಳಬೇಕೆಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವುದು ಸುಮ್ಮನೆ ಅಲ್ಲ. 80 ಮಿಲಿಮೀಟರ್ ವ್ಯಾಸದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು ಒಂದು ಮೈಕ್ರಾನ್ ಹಿಗ್ಗುತ್ತದೆ. ಹತ್ತು ಡಿಗ್ರಿ ಹೆಚ್ಚಿದ್ದರೆ ಸುಮಾರು ಒಂಬತ್ತು ಮೈಕ್ರಾನ್. ಟಾಲರೆನ್ಸಿನ ಅರ್ಧ ಅಲ್ಲೇ ಹೋಯಿತು! ತಂಪು ಮಾಸ್ಟರ್‌ಗೆ ಹೊಂದಿಸಿದ ಗೇಜು ಬಿಸಿ ಜಾಬನ್ನು ದಪ್ಪವೆಂದು ತೋರಿಸುತ್ತಿತ್ತು. ಅವರು ಇನ್ನಷ್ಟು ಸವೆಸುತ್ತಿದ್ದರು. ಆರಿದ ಮೇಲೆ ಅದು ಕುಗ್ಗಿ, ಮಿತಿಗಿಂತ ಕೆಳಗೆ ಹೋಗುತ್ತಿತ್ತು.

ಯಂತ್ರದಿಂದ ತೆಗೆದ ಕೂಡಲೇ ಅಳೆದ ಜಾಬ್‌ಗಳನ್ನು ರಾತ್ರಿಯಿಡೀ ಆರಲು ಬಿಟ್ಟು ಮರುದಿನ ಮತ್ತೆ ಅಳೆದೆ. ಎರಡು ಕಾಲಮ್ ಪಕ್ಕಪಕ್ಕ ಇಟ್ಟಾಗ ಸೂಪರ್‌ವೈಸರ್ ಬಹಳ ಹೊತ್ತು ಮಾತಾಡಲಿಲ್ಲ. ಮಾಸ್ಟರನ್ನು ಯಂತ್ರದ ಪಕ್ಕದಲ್ಲೇ, ಅದೇ ಕೂಲಂಟಿನಲ್ಲಿ ಮುಳುಗಿಸಿಟ್ಟು, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಸೊನ್ನೆ ಮಾಡುವುದೆಂದಾಯಿತು. ಅದಕ್ಕೆ ಬೇಕಾದದ್ದು ಒಂದು ಟ್ರೇ ಮಾತ್ರ. ಪಟ್ಟಿಯಿಂದ ಆ ಪದ ಹೋಯಿತು.

ಇಂಟರ್ನ್‌ಶಿಪ್ ವರದಿಯ ಮೊದಲ ಪುಟದಲ್ಲಿ, ಕಾರಣವನ್ನು ಮೊದಲು ಗುರುತಿಸಿದವರು ಎಂದು ಆ ಆಪರೇಟರ್ ಹೆಸರು ಬರೆದೆ. ವೈವಾದಲ್ಲಿ, ಅಂದರೆ ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಅದರ ಮೇಲೆ ಬೆರಳಿಟ್ಟು, "ಇವರು ಯಾರಮ್ಮ?" ಎಂದು ಕೇಳಿದರು. ಹತ್ತು ನಿಮಿಷದ ವೈವಾ ಅರ್ಧ ಗಂಟೆ ನಡೆಯಿತು.