ಫೋರ್ಟಿನ ಪರ್ಮಿಟ್ ರೂಮಿನಲ್ಲಿ ಒಂದು ಸಂಜೆ

ಮುಂಬೈಗೆ ಹೋದವರಲ್ಲಿ ಕುಡಿಯುವ ಅಭ್ಯಾಸವಿರುವವರು ಸಾಮಾನ್ಯವಾಗಿ ಕೊಲಾಬಾದ ಲಿಯೋಪೋಲ್ಡ್‌ಗೆ ಹೋಗಿ, ಒಂದು ಬಿಯರ್ ಕುಡಿದು, ಫೋಟೊ ತೆಗೆದುಕೊಂಡು ಬರುತ್ತಾರೆ. 1871ರ ಆ ಕೆಫೆಯ ಮೇಲಾಗಲಿ, ಮಾರಿಯೊ ಮಿರಾಂಡಾ ಚಿತ್ರಗಳು ಗೋಡೆ ತುಂಬಿರುವ ಮೊಂಡೆಗಾರ್ ಮೇಲಾಗಲಿ ನನಗೆ ತಕರಾರಿಲ್ಲ. ಆದರೆ ಅಲ್ಲಿ ಸುತ್ತಮುತ್ತ ಕೂತಿರುವವರು ಬಹುಪಾಲು ನಮ್ಮ ಹಾಗೆಯೇ ಊರು ನೋಡಲು ಬಂದವರು. ಮುಂಬೈಯ ಗುಮಾಸ್ತ, ಕೊರಿಯರ್ ಹುಡುಗ, ವಕೀಲರ ಸಹಾಯಕ ಕುಡಿಯುವ ಜಾಗ ನೋಡಬೇಕಾದರೆ ಗಲ್ಲಿಯೊಳಗಿನ ಹಳೆಯ ಪರ್ಮಿಟ್ ರೂಮಿಗೇ, ಅಂದರೆ ಅಲ್ಲಿನ ಸಾದಾ ಬಾರಿಗೇ ಹೋಗಬೇಕು. ಅಂಥವನ್ನು ನಡೆಸಿಕೊಂಡು ಬಂದವರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಕಡೆಯವರೇ ಬಹಳ. ಕನ್ನಡಿಗನಿಗೆ ಅಲ್ಲಿ ಇನ್ನೊಂದು ಅನುಕೂಲವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನನ್ನನ್ನು ಕರೆದೊಯ್ದವನು ಮಾಟುಂಗದಲ್ಲಿ ಮನೆ, ದಕ್ಷಿಣ ಮುಂಬೈಯ ಫೋರ್ಟಿನಲ್ಲಿ ಕಚೇರಿ ಇರುವ ಗೆಳೆಯ. ಬಾರಿನ ಹೆಸರು ಬರೆಯಕೂಡದು ಎಂಬುದು ಅವನ ಷರತ್ತು. ಈಗಲೇ ಆರೂವರೆಯ ಮೇಲೆ ಕುರ್ಚಿ ಸಿಗುವುದಿಲ್ಲವಂತೆ. ಸಿಎಸ್‌ಎಂಟಿ (ಹಳೆಯ ವಿಟಿ) ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ ಎಂದರೆ ಸಾಕು. ಹೆಸರೇ ಬೇಕೆನ್ನುವವರಿಗೆ ಕೊಲಾಬಾದಲ್ಲಿ ತಾಜ್ ಹೋಟೆಲಿನ ಹಿಂದೆ, ಬಡೇಮಿಯಾ ಕಬಾಬಿನ ಗಲ್ಲಿಯಲ್ಲಿ ಗೋಕುಲ್ ಇದೆ. ಅದು ಇದೇ ಜಾತಿಯ ಬಾರ್, ಹೆಚ್ಚು ಪ್ರಸಿದ್ಧ, ಹಾಗಾಗಿ ಗದ್ದಲವೂ ಹೆಚ್ಚು.

ಹೋಗುವ ಹೊತ್ತು ಮುಖ್ಯ. ಐದಕ್ಕೆ ಒಳಗಿರಿ. ಐದೂವರೆಯಿಂದ ಎಂಟೂವರೆಯವರೆಗೆ ಸಿಎಸ್‌ಎಂಟಿಯಿಂದಲೂ ಚರ್ಚ್‌ಗೇಟ್‌ನಿಂದಲೂ ಉತ್ತರಕ್ಕೆ ಹೊರಡುವ ಲೋಕಲ್ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ನೂಕುನುಗ್ಗಲು ಇಳಿಯಲಿ ಎಂದು ಕಾಯುವವರೇ ಈ ಬಾರಿನ ಕಾಯಂ ಗಿರಾಕಿಗಳು. ನಿಜ ಹೇಳಬೇಕೆಂದರೆ ಇದು ಗ್ಲಾಸು ಇಟ್ಟಿರುವ ರೈಲ್ವೆ ವೇಟಿಂಗ್ ರೂಮ್. ಒಬ್ಬರು ಬ್ಯಾಗನ್ನು ಕಾಲ ನಡುವೆ ಇಟ್ಟುಕೊಂಡು ಕೂರುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಅಂಬರ್‌ನಾಥ್ ಫಾಸ್ಟ್ ಎಷ್ಟು ತಡ ಎಂದು ನೋಡುತ್ತಾರೆ. ಎಂಟರ ಮೇಲೆ ಬರುವ ಗುಂಪು ಬೇರೆ: ಗದ್ದಲ, ಹುಟ್ಟುಹಬ್ಬ, ಟಿವಿಯಲ್ಲಿ ಕ್ರಿಕೆಟ್. ಮಾತಾಡಬೇಕೆಂದರೆ ಅಷ್ಟರೊಳಗೆ ಏಳುವುದು ವಾಸಿ.

ಹ್ಯಾಪಿ ಅವರ್ ಎಂಬ ಫಲಕ ಇಲ್ಲಿಲ್ಲ. ಅದು ಲೋವರ್ ಪರೇಲ್, ಬಾಂದ್ರಾ ಕಡೆಯ ಬಾರುಗಳ ಸಂಗತಿ: ಸಂಜೆ ಇಂತಿಷ್ಟು ಹೊತ್ತಿನವರೆಗೆ ಒಂದಕ್ಕೆ ಒಂದು ಉಚಿತ. ಅಲ್ಲಿಗೆ ಹೋಗುವವರು ಷರತ್ತು ಕೇಳಿಕೊಳ್ಳಿ. ಸಾಮಾನ್ಯವಾಗಿ ಎರಡೂ ಪೆಗ್ ಒಂದೇ ಬ್ರ್ಯಾಂಡಿನದಾಗಿರಬೇಕು, ಅದೂ ಅವರು ಆರಿಸಿಟ್ಟ ಬ್ರ್ಯಾಂಡು. ಕೆಲವು ಕಡೆ ಎರಡನ್ನೂ ಒಟ್ಟಿಗೇ ಮೇಜಿಗೆ ತಂದಿಡುತ್ತಾರೆ, ಎರಡನೆಯದರ ಐಸ್ ಕರಗಿ ನೀರಾಗುವುದನ್ನು ನೀವು ನೋಡುತ್ತಾ ಕೂರಬೇಕು. ಪರ್ಮಿಟ್ ರೂಮಿನ ಲೆಕ್ಕ ಕ್ವಾರ್ಟರಿನದು. 180 ಮಿಲಿಲೀಟರಿನ ಬಾಟಲಿ ಎಂದರೆ 30ರ ಆರು ಪೆಗ್. ಇಬ್ಬರಿದ್ದು ಒಂದೇ ಬ್ರ್ಯಾಂಡಿಗೆ ಒಪ್ಪಿದರೆ ಬಿಡಿ ಪೆಗ್ ಹೇಳುವ ಬದಲು ಕ್ವಾರ್ಟರ್ ಹೇಳಿ. ದರಪಟ್ಟಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಉಳಿತಾಯ ಎಷ್ಟೆಂದು ತಿಳಿಯುತ್ತದೆ, ಅದಕ್ಕೆ ಗಡಿಯಾರ ನೋಡುವ ಅಗತ್ಯವೂ ಇಲ್ಲ.

ಕ್ವಾರ್ಟರ್ ತರುವ ರೀತಿಯೇ ಚೆಂದ. ನಮ್ಮ ವೇಟರ್ ಐವತ್ತು ದಾಟಿದವರು, ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಓಲ್ಡ್ ಮಾಂಕ್ ಬಾಟಲಿಯನ್ನು ಅಂಗೈ ಮೇಲೆ ಹಿಡಿದು ಮೊದಲು ಮುಚ್ಚಳದ ಸೀಲ್ ತೋರಿಸಿದರು, ಗೆಳೆಯ ತಲೆಯಾಡಿಸಿದ ಮೇಲೆ ಕಟಕ್ಕೆಂದು ತಿರುಗಿಸಿದರು, ಅಳತೆಯ ಲೋಟ ಮುಟ್ಟದೆಯೇ ಎರಡೂ ಗ್ಲಾಸಿಗೆ ಸುರಿದರು. ಬಗ್ಗಿ ನೋಡಿದೆ, ಎರಡರ ಮಟ್ಟವೂ ಒಂದೇ. ಉಳಿದ ರಮ್ ಬಾಟಲಿಯಲ್ಲೇ ಮೇಜಿನ ಮೇಲೆ ನಿಂತಿತು. ಸೀಲ್ ತೋರಿಸದೆ ತೆರೆದ ಬಾಟಲಿ ತಂದರೆ ಬೇರೆ ತನ್ನಿ ಎನ್ನಲು ಸಂಕೋಚ ಪಡಬೇಡಿ. ನಾವು ಗ್ಲಾಸಿಗೆ ಕೈ ಹಾಕುವ ಮೊದಲೇ ಚಕ್ನಾ ಬಂದಿತ್ತು: ಈರುಳ್ಳಿ, ನಿಂಬೆರಸ ಬೆರೆಸಿದ ಬೇಯಿಸಿದ ಶೇಂಗಾ, ಹುರಿದ ಕಡಲೆಬೇಳೆ, ಉಪ್ಪು ಸವರಿದ ಸೌತೆಕಾಯಿ. ಇದಕ್ಕೆ ಬಿಲ್ ಇಲ್ಲ, ಮುಗಿದರೆ ಮತ್ತೆ ಬರುತ್ತದೆ. ಚಕ್ನಾ ತಿಂದೇ ಹೊಟ್ಟೆ ತುಂಬಿಸಿಕೊಳ್ಳುವ ಗಿರಾಕಿಗಳನ್ನು ಕಂಡು ಯಾರೂ ಮುಖ ಸಿಂಡರಿಸುವುದೂ ಇಲ್ಲ.

ಗಲ್ಲಾದ ಮೇಲೆ ಕಟೀಲು ದುರ್ಗಾಪರಮೇಶ್ವರಿಯ ಚಿತ್ರ, ಅದಕ್ಕೆ ಮಲ್ಲಿಗೆ ಮಾಲೆ. ಅದನ್ನು ಕಂಡು ನಾನು ಹಿಂದಿ ಬಿಟ್ಟು ಕನ್ನಡದಲ್ಲೇ ಮೀನು ಏನಿದೆ ಎಂದು ಕೇಳಿದೆ. ವೇಟರ್ ಪೆನ್ನನ್ನು ಜೇಬಿಗೆ ಸೇರಿಸಿ, “ನಿಮಗೆ ಊರು ಎಲ್ಲಾಯಿತು?” ಎಂದರು. ಹೇಳಿದ ಮೇಲೆ, “ಹಾಗಾದರೆ ಸುರ್ಮಾಯಿ ಬೇಡ ಮಾರಾಯ್ರೆ, ನಿನ್ನೆಯದು. ಬಂಗುಡೆ ತೆಗೆದುಕೊಳ್ಳಿ” ಎಂದರು. ಮೊದಲು ಹೇಳಿದ ಅನುಕೂಲ ಇದೇ. ತುಳು ಬಂದರೆ ಇನ್ನೂ ಒಳ್ಳೆಯದು. ಬಂಗುಡೆ ರವೆಯಲ್ಲಿ ಹುರಿದದ್ದಲ್ಲ, ಕೆಂಪು ಮಸಾಲೆಯಲ್ಲಿ ಕಾವಲಿಯ ಮೇಲೆ ಬೇಯಿಸಿದ್ದು. ಆಮೇಲೆ ಕೋಳಿ ಸುಕ್ಕ, ನೀರುದೋಸೆ. ಮುಂಬೈಯದೇ ರುಚಿ ಬೇಕಿದ್ದರೆ ಹುರಿದ ಬೊಂಬಿಲ್ ಮೀನು ಹೇಳಿ, ಬಿಸಿಯಿದ್ದಾಗಲೇ ತಿನ್ನಿ, ಆರಿದರೆ ಮೆತ್ತಗಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುತ್ತದೆ. ಆಗ ಹೋದವರು ಮೀನಿನ ಆಸೆ ಬಿಟ್ಟು ಕೋಳಿಗೆ ಅಂಟಿಕೊಳ್ಳಿ. ಚೈನೀಸ್ ಪುಟ ಉದ್ದವಿದೆ, ಅದನ್ನು ಮಗುಚಿಬಿಡಿ.

ದರದ ವಿಷಯ. ಮೊಬೈಲಿನಲ್ಲಿ ಹುಡುಕಿ ಹಳೆಯ ದರ ನಂಬಿಕೊಂಡು ಹೋಗಬೇಡಿ. ಬಾರಿನಲ್ಲಿ ಕುಡಿಯುವ ಮದ್ಯದ ಮೇಲಿನ ವ್ಯಾಟ್ 2023ರ ನವೆಂಬರ್‌ನಲ್ಲಿ ಶೇ 5ರಿಂದ 10ಕ್ಕೆ ಏರಿತು, 2025ರಲ್ಲಿ ಅಬಕಾರಿ ಸುಂಕವನ್ನೂ ಜಗ್ಗಿ ಏರಿಸಿದರು. ಆ ವರ್ಷ ಜುಲೈ 14ರಂದು ಹೋಟೆಲ್ ಮಾಲೀಕರ ಸಂಘ ‘ಆಹಾರ್’ ಕರೆಗೆ ಬಾರುಗಳು ಬಾಗಿಲು ಹಾಕಿ ಪ್ರತಿಭಟಿಸಿದವು. ಗಿರಾಕಿಗೆ ತಿಳಿದಿರಬೇಕಾದದ್ದು ಇಷ್ಟು: ಮದ್ಯಕ್ಕೆ ವ್ಯಾಟ್, ತಿಂಡಿಗೆ ಜಿಎಸ್‌ಟಿ, ಎರಡೂ ಬೇರೆ ಬೇರೆ ಬರುತ್ತವೆ, ಮದ್ಯದ ಮೇಲೆ ಜಿಎಸ್‌ಟಿ ಇಲ್ಲ. ಎಸಿ ಕೋಣೆಯಲ್ಲಿ ಅದೇ ಕ್ವಾರ್ಟರಿಗೆ ದರ ಹೆಚ್ಚು. ಫ್ಯಾನಿನ ಕೆಳಗೆ ಕೂರುವುದು ಅಗ್ಗ, ಮಾತಿನ ದೃಷ್ಟಿಯಿಂದಲೂ ಅದೇ ಮೇಲು. ಹೆಣ್ಣುಮಕ್ಕಳು ಜೊತೆಗಿದ್ದರೆ ಮಾತ್ರ ಎಸಿ ಕಡೆಗೇ ಹೋಗಿ. ಫ್ಯಾನಿನ ಭಾಗದಲ್ಲಿ ಯಾರೂ ಕೆಡುಕು ಮಾಡುವುದಿಲ್ಲ, ಆದರೆ ಇಡೀ ಕೋಣೆ ಗಂಡಸರದೇ, ನೋಟಗಳು ತಪ್ಪುವುದಿಲ್ಲ. ಇನ್ನು ಬಾಗಿಲಿಗೆ ಕಪ್ಪು ಗಾಜು, ಹೊರಗೆ ದಾಂಡಿಗರು, ಒಳಗೆ ‘ಆರ್ಕೆಸ್ಟ್ರಾ’ ಎಂದಿದ್ದರೆ ಅದು ಹಾಡುಗಾರ್ತಿಯರ ಬಾರು, ಈ ಬಗೆಯದಲ್ಲ. ಅಗ್ಗದ ಕ್ವಾರ್ಟರ್ ಹುಡುಕಿಕೊಂಡು ಅಲ್ಲಿಗೆ ನುಗ್ಗಬೇಡಿ.

ಕಾನೂನಿನ ಮಾತೂ ಇದೆ. 1949ರ ಮುಂಬೈ ಪಾನನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ, ಅದರ ಪ್ರಕಾರ ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು. ನನ್ನನ್ನು ಯಾರೂ ಕೇಳಲಿಲ್ಲ, ಪಕ್ಕದ ಮೇಜಿನವರನ್ನೂ ಕೇಳಿದ್ದು ಕಾಣಲಿಲ್ಲ. ವಯಸ್ಸಿನ ವಿಷಯದಲ್ಲಿ ಇಷ್ಟು ಸಡಿಲವಿಲ್ಲ: ಬಿಯರ್, ವೈನಿಗೆ 21, ರಮ್, ವಿಸ್ಕಿಗೆ 25. ಚಿಗುರು ಮೀಸೆಯವರು ಗುರುತಿನ ಚೀಟಿ ಇಟ್ಟುಕೊಳ್ಳಿ. ಟಿಕೆಟ್ ಮಾಡಿಸುವ ಮೊದಲು ಡ್ರೈ ಡೇ, ಅಂದರೆ ಮದ್ಯ ಮಾರದ ದಿನ, ನೋಡಿಕೊಳ್ಳಿ. ಗಾಂಧಿ ಜಯಂತಿ ಎಲ್ಲರಿಗೂ ಗೊತ್ತು, ಆಷಾಢ ಏಕಾದಶಿ ಮತ್ತು ಅನಂತ ಚತುರ್ದಶಿ ನಮ್ಮ ಕಡೆಯವರಿಗೆ ಹೊಳೆಯುವುದಿಲ್ಲ. ಚುನಾವಣೆ ಇದ್ದರೆ ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಬಾಗಿಲು ಬೀಳುತ್ತದೆ. ನಮ್ಮಲ್ಲಿ ಹೆಂಡತಿ ಗಂಡನ ಪಾದ ಪೂಜಿಸುವ ಭೀಮನ ಅಮಾವಾಸ್ಯೆಯೇ ಅಲ್ಲಿ ಗಟಾರಿ ಅಮಾವಾಸ್ಯೆ. ಮರುದಿನದಿಂದ ಶ್ರಾವಣ, ಮದ್ಯ ಮಾಂಸ ಬಿಡುವವರೆಲ್ಲ ಆ ದಿನ ಕಸರು ತೀರಿಸಿಕೊಳ್ಳುತ್ತಾರೆ. ಅಂದು ಯಾವ ಬಾರಿನಲ್ಲೂ ನೆಮ್ಮದಿಯಿಲ್ಲ. ಶ್ರಾವಣದ ಸಂಜೆಗಳು ಮಾತ್ರ ಬಲು ಹಿತ, ಬಯಸಿದ ಮೇಜು ಸಿಗುತ್ತದೆ.

ವಾಪಸಾಗುವಾಗ ಫೋರ್ಟಿನಲ್ಲಿ ರಿಕ್ಷಾ ಹುಡುಕಬೇಡಿ. ಆಟೊಗಳಿಗೆ ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಬರಲು ಅನುಮತಿಯಿಲ್ಲ, ಇಲ್ಲಿ ಟ್ಯಾಕ್ಸಿಯೇ ಗತಿ. 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೂ ಓಡುತ್ತಿರುವ ನೆಲದಡಿಯ ಮೆಟ್ರೊಗೆ ಹುತಾತ್ಮಾ ಚೌಕದಲ್ಲೂ ಸಿಎಸ್‌ಎಂಟಿಯಲ್ಲೂ ನಿಲ್ದಾಣಗಳಿವೆ. ದಾದರ್ ಕಡೆ ತಂಗಿದವರಿಗೆ ಅದೇ ಸುಲಭ. ಲೋಕಲ್ ಹತ್ತುವವರು ಕಾಲು ನೆಟ್ಟಗೆ ನಿಲ್ಲುವಷ್ಟಕ್ಕೇ ಕುಡಿತ ನಿಲ್ಲಿಸಿಕೊಳ್ಳಿ, ಅಮಲಿನಲ್ಲಿ ರೈಲು ಹತ್ತಿದವರ ಮೇಲೆ ರೈಲ್ವೆ ಕಾಯ್ದೆಯ 145ನೇ ಕಲಂ ಹಾಕುತ್ತಾರೆ. ನಾವು ಎಂಟೂವರೆಗೆ ಎದ್ದೆವು. ಕ್ವಾರ್ಟರಿನಲ್ಲಿ ಎರಡು ಬೆರಳು ರಮ್ ಉಳಿದಿತ್ತು. ಗೆಳೆಯ ಅದನ್ನು ಬಿಟ್ಟು, ವೇಟರ್ ಕೈಗೆ ಟಿಪ್ಸ್ ನಗದಾಗಿಯೇ ಕೊಟ್ಟ. ನೀವೂ ಹಾಗೆಯೇ ಮಾಡಿ, ಬಿಲ್ಲಿನ ಜೊತೆ ಮೊಬೈಲಿನಲ್ಲಿ ಕಳಿಸಿದ ಟಿಪ್ಸ್ ಗಲ್ಲಾಕ್ಕೇ ಹೋಗಿ ಸೇರಬಹುದು.